ಎಂಟೂ ನಲವತ್ತರ ಹಾಜರಿ

ಅವರ ಬಲಗೈ ತೋರುಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಜಡ್ಡು ಇತ್ತು. ಅದರ ನಡುವೆ ಒಂದು ಸಣ್ಣ ಗುಳಿ. ದಬ್ಬಣದ ಹಿಂತುದಿ ಕೂರುತ್ತಿದ್ದ ಜಾಗ ಅದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ವಕೀಲರ ಬಳಿ ಗುಮಾಸ್ತರಾಗಿದ್ದು, ದಾವೆಯ ಕಾಗದಗಳನ್ನು ಜೋಡಿಸಿ, ಎಡಮೂಲೆಗೆ ದಬ್ಬಣ ಚುಚ್ಚಿ, ಬಿಳಿ ದಾರದಲ್ಲಿ ಹೊಲಿದು ಹೊಲಿದು ಬಂದ ಜಡ್ಡು. ನಮ್ಮ ಆಫೀಸಿನ ಬಾಗಿಲಲ್ಲಿ ಬೆರಳು ಒತ್ತಿ ಒಳಗೆ ಬರಬೇಕಾದ ಯಂತ್ರವಿದೆ. ಮೊದಲ ದಿನ ಅದು ನಾಲ್ಕು ಸಲ ಆ ಬೆರಳನ್ನು ಒತ್ತಿಸಿಕೊಂಡು ನಾಲ್ಕು ಸಲವೂ ಕೆಂಪು ದೀಪ ತೋರಿಸಿತು.

"ಊರೋರದ್ದೆಲ್ಲಾ ಎಬ್ಬೆಟ್ಟು ಒತ್ತುಸ್ದೋನು ನಾನು. ಈಗ ನನ್ ಬೆರಳೇ ನಡೀತಿಲ್ವಲ್ಲಮ್ಮ" ಎಂದು ನನ್ನ ಕಡೆ ತಿರುಗಿ ನಕ್ಕರು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಕೊನೆಗೆ ಎಡಗೈ ಕಿರುಬೆರಳು ಕೆಲಸಕ್ಕೆ ಬಂತು. ನಮ್ಮಲ್ಲಿದ್ದಷ್ಟು ದಿನವೂ ಅವರು ಆ ಕಿರುಬೆರಳನ್ನೇ ಮುಂದೆ ಮಾಡಿಕೊಂಡು ಒಳಗೆ ಬರುತ್ತಿದ್ದರು.

ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ಆರನೆಯ ಮಹಡಿಯಲ್ಲಿ ನಮ್ಮ ಕಂಪನಿ. ನಾವು ವಕೀಲರಿಗಾಗಿ ಸಾಫ್ಟ್‌ವೇರ್ ಮಾಡುತ್ತೇವೆ. ವಕೀಲರು ಮೂಟೆಗಟ್ಟಲೆ ಕಾಗದ ಕಳುಹಿಸುತ್ತಾರೆ, ನಾವು ಸ್ಕ್ಯಾನ್ ಮಾಡುತ್ತೇವೆ. ಯಾವ ಕಾಗದ ಯಾವ ದಿನದ್ದು, ಅದರಲ್ಲಿ ಯಾರ ಹೆಸರಿದೆ, ಯಾವ ಸಂಗತಿಗೆ ಅದು ಸಾಕ್ಷಿಯಾಗುತ್ತದೆ ಎಂಬುದನ್ನು ಸಾಫ್ಟ್‌ವೇರ್ ಜೋಡಿಸಿ ಕೊಡುತ್ತದೆ. ಜೋಡಿಸಿದ್ದು ಸರಿಯಾಗಿದೆಯೇ ಎಂದು ನೋಡುವುದು ನಮ್ಮಂಥವರ ಕೆಲಸ. ಇನ್ನೊಂದು ಗುಣವೂ ಅದಕ್ಕಿದೆ. ಯಾವ ಪುಟವನ್ನು ಯಾರು ಎಷ್ಟು ಹೊತ್ತಿಗೆ ತೆರೆದರು, ಯಾರು ಏನು ಬದಲಿಸಿದರು ಎಂಬುದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಬರೆದದ್ದನ್ನು ಅಳಿಸಲು ಮಾಲೀಕರಿಂದಲೂ ಆಗುವುದಿಲ್ಲ. ಗುಮಾಸ್ತರಿಗೆ ಅದು ಬಹಳ ಹಿಡಿಸಿತ್ತು. "ನಮ್ ಸಾಹೇಬ್ರ ಆಫೀಸಲ್ಲಿ ಇಂಗೊಂದಿದ್ದಿದ್ರೆ, ಫೈಲ್ ಯಾರ್ ತಗೊಂಡೋದ್ರು ಅಂತ ಬೀರು ಕೆಳ್ಗೆಲ್ಲಾ ತೂರ್ಕೊಂಡು ಉಡುಕೋದು ತಪ್ಪೋದು" ಎನ್ನುತ್ತಿದ್ದರು.

ಆ ಸಾಹೇಬರು ತೀರಿಕೊಂಡು, ಆಫೀಸು ಮುಚ್ಚಿ, ಗುಮಾಸ್ತರು ಮನೆಯಲ್ಲಿ ಕೂತಿದ್ದಾಗ ನಮ್ಮವರು ಅವರನ್ನು ಸಲಹೆಗಾರರೆಂದು ಕರೆತಂದರು. ನಮ್ಮಲ್ಲಿ ಇಂಜಿನಿಯರುಗಳು ಬೇಕಾದಷ್ಟಿದ್ದರು. ಕೋರ್ಟಿನ ಕಾಗದದ ಕಟ್ಟೊಂದನ್ನು ಬಿಚ್ಚಿ, ಮತ್ತೆ ಇದ್ದ ಹಾಗೇ ಕಟ್ಟಬಲ್ಲವರು ಒಬ್ಬರೂ ಇರಲಿಲ್ಲ. ಎಲ್ಲರೂ ಅವರನ್ನು 'ಅಂಕಲ್' ಎಂದರು. ನಾನು 'ಗುಮಾಸ್ತರೇ' ಎಂದೆ. ಅದು ಅವರಿಗೆ ಇಷ್ಟವಾಯಿತೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಚಿಕ್ಕಬಾಣಾವರದಿಂದ ಬರುತ್ತಿದ್ದರು. ರೈಲು, ಆಮೇಲೆ ಮೆಟ್ರೊ, ಆಮೇಲೆ ನಡಿಗೆ. ಎರಡು ಗಂಟೆಯ ದಾರಿ. ಆದರೂ ಎಂಟೂ ನಲವತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿ ಇರುತ್ತಿದ್ದರು. ಸಾಹೇಬರ ಆಫೀಸಿನ ಬೀಗ ತೆಗೆಯುತ್ತಿದ್ದುದು ಅದೇ ಹೊತ್ತಿಗಂತೆ. ನಮ್ಮ ಆಫೀಸಿಗೆ ಜನ ಬರುವುದು ಹತ್ತರ ಮೇಲೆ. ಬಂದ ಮೇಲೆ ಅವರು ಎದ್ದು, ಒಂದೊಂದು ಮೇಜಿನ ಮುಂದೆಯೂ ನಿಂತು ನಮಸ್ಕಾರ ಹೇಳುತ್ತಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ಅದು ಕೇಳಿಸುತ್ತಿರಲಿಲ್ಲ. ಅವರು ತುಸು ಹೊತ್ತು ಕಾದು, ಕೈ ಇಳಿಸಿ, ಮುಂದಿನ ಮೇಜಿಗೆ ಹೋಗುತ್ತಿದ್ದರು. ನನಗೆ ನೋಡಲಾಗದೆ ಒಂದು ದಿನ, "ಬಿಡಿ ಗುಮಾಸ್ತರೇ, ಅವರಿಗೆ ಕೇಳ್ಸೋದೇ ಇಲ್ಲ" ಎಂದೆ. "ಅವ್ರ್ ಕೇಳುಸ್ಕೊಂಡ್ರೋ ಬುಟ್ರೋ ಅವ್ರಿಗ್ ಬುಟ್ಟಿದ್ದು ಕಣಮ್ಮ. ನಾನು ಬಂದಿವ್ನಿ ಅಂತ ನಾನು ಏಳ್ಬೇಕಲ್ಲ" ಎಂದರು.

ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಆಗತಾನೆ ಗಂಡನ ಮನೆ ಬಿಟ್ಟು ಬಂದಿದ್ದೆ. ತವರುಮನೆ ಬೆಂಗಳೂರಲ್ಲೇ, ಸಿಂಗಸಂದ್ರದಲ್ಲಿ ಇದೆ. ಅಲ್ಲಿ ಅಣ್ಣ ನಾಲ್ಕು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ, ನನಗೊಂದು ಕೋಣೆ ಮಾತ್ರ ಅಲ್ಲಿ ಸಿಗಲಿಲ್ಲ. ವೈಟ್‌ಫೀಲ್ಡಿನಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡೆ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡದ ವಾರಗಳಿದ್ದವು. ಸೋಮವಾರ ಗುಮಾಸ್ತರ ನಮಸ್ಕಾರಕ್ಕೆ ಉತ್ತರ ಹೇಳಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ಹಾಗಾಗಿ ನಾನೂ ಎಂಟೂ ನಲವತ್ತಕ್ಕೇ ಬರತೊಡಗಿದೆ. ಕೆಲಸದ ಮೇಲಿನ ಪ್ರೀತಿಯಿಂದ ಎಂದು ಮ್ಯಾನೇಜರ್ ತಿಳಿದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.

ಒಂದು ದಿನ ನನ್ನ ವಿಚ್ಛೇದನದ ಕಾಗದಗಳು ಪ್ಲಾಸ್ಟಿಕ್ ಚೀಲದಿಂದ ಜಾರಿ ನೆಲದ ತುಂಬ ಹರಡಿದವು. ನಾನು ಆಯ್ದುಕೊಂಡು ಹಾಗೇ ತುರುಕುತ್ತಿದ್ದೆ. ಅವರು ಕೈ ಚಾಚಿದರು. ಮೂಲೆ ಸಮ ಮಾಡಿ, ತಮ್ಮ ಚೀಲದಿಂದ ದಬ್ಬಣ ತೆಗೆದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಹೊಲಿದರು. ಬರೀ ಬೆರಳಲ್ಲಿ ತಡವಿ ತಡವಿ ಹೊಲಿದದ್ದು ನೂಲಿನಷ್ಟೂ ಆಚೀಚೆ ಆಗಿರಲಿಲ್ಲ. "ಓದ್ಲಿಲ್ಲ ಕಣಮ್ಮ, ಒಲ್ದೆ ಅಷ್ಟೇಯ" ಎಂದು ಕೈಗಿಟ್ಟರು. ಆ ಕಾಗದಗಳನ್ನು ನನ್ನ ಅಣ್ಣ ಓದಿದ್ದ, ಅತ್ತಿಗೆ ಓದಿದ್ದಳು, ಅತ್ತಿಗೆಯ ತಂಗಿಯೂ ಓದಿದ್ದಳು. ಓದದೆ ಕೊಟ್ಟವರು ಇವರೊಬ್ಬರೇ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ.

ನಮ್ಮ ಸಾಫ್ಟ್‌ವೇರಿನಲ್ಲಿ ಪ್ರತಿ ಪುಟದ ಪಕ್ಕ ಟಿಪ್ಪಣಿಗೆಂದು ಒಂದು ಚೌಕವಿದೆ. ನಾವೆಲ್ಲ ಅದರಲ್ಲಿ 'ಓಕೆ' ಎಂದೋ 'ಡಬಲ್' ಎಂದೋ ಬರೆಯುತ್ತಿದ್ದೆವು. ಗುಮಾಸ್ತರು ಮಾತಾಡುವಾಗ ಹಳ್ಳಿಯವರು, ಬರೆಯಲು ಕೂತರೆ ಪಕ್ಕಾ ಕಚೇರಿಯವರು. 'ಮೇಡಂ ಅವರಿಗೆ ವಂದನೆಗಳು. ಈ ಕಾಗದದ ಹಿಂಬದಿಯಲ್ಲಿ ಮೊಹರು ಇರುವಂತೆ ತೋರುತ್ತದೆ. ದಯವಿಟ್ಟು ಪರಿಶೀಲಿಸುವುದು. ಅವಸರವಿಲ್ಲ' ಎಂದು ನನಗೆ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದರು. ತಂಡದವರು ಅದನ್ನು ಫೋಟೋ ತೆಗೆದು ಹಂಚಿಕೊಂಡು ನಕ್ಕರು. ಚಿಕ್ಕದಾಗಿ ಬರೆಯಲು ಹೇಳು ಎಂದು ಮ್ಯಾನೇಜರ್ ನನಗೆ ಹೇಳಿದರು, ನಾನು ಅವರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಮರುದಿನದಿಂದ 'ದಯವಿಟ್ಟು' ಬಿಟ್ಟರು. 'ವಂದನೆಗಳು' ಬಿಡಲಿಲ್ಲ.

ಕಾಗದ ಕೈಗೆ ಬಂದರೆ ಅವರು ಮೊದಲು ನೋಡುತ್ತಿದ್ದುದೇ ಹಿಂಬದಿಯನ್ನು. ಛಾಪಾಕಾಗದ ಯಾರು ಕೊಂಡರು, ಯಾವತ್ತು ಕೊಂಡರು ಎಂದು ಮಾರಿದವನು ಬರೆಯುತ್ತಿದ್ದುದು ಹಿಂದೆ. ಮೊಹರು ಇರುವುದು ಹಿಂದೆ. ನಾನು ಏನನ್ನಾದರೂ ಮುಗಿಸಿ ಪಕ್ಕಕ್ಕಿಟ್ಟರೆ "ತಿರುವಿ ನೋಡ್ದೇನಮ್ಮ?" ಎಂದು ಕೇಳುತ್ತಿದ್ದರು. ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ನನಗೆ ರೇಗುತ್ತಿತ್ತು. ಪರದೆಯ ಮೇಲಿನ ಪುಟವನ್ನು ತಿರುವುವುದು ಹೇಗೆ ಗುಮಾಸ್ತರೇ ಎಂದು ಅಣಕಿಸುತ್ತಿದ್ದೆ.

ಆಗ ಪೀಣ್ಯದ ಪ್ರಕರಣ ಬಂತು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರ ನಡೆಸುತ್ತಿದ್ದವನೊಬ್ಬನ ಬಲಗೈಯ ಮೂರು ಬೆರಳು ಹೋಗಿದ್ದವು. ಅಪಘಾತಕ್ಕೆ ಎಂಟು ದಿನ ಮೊದಲೇ ಅವನು ಕೆಲಸ ಬಿಟ್ಟಿದ್ದ, ಅವನು ನಮ್ಮ ಕೆಲಸಗಾರನೇ ಅಲ್ಲ ಎಂದು ಕಾರ್ಖಾನೆಯವರು ಒಂದು ರಾಜೀನಾಮೆ ಪತ್ರ ತೋರಿಸಿದ್ದರು. ಸಹಿ ಅವನದೇ. ಕೆಲಸಕ್ಕೆ ಸೇರುವಾಗ ಬಿಳಿ ಹಾಳೆಯ ಮೇಲೆ ಹಾಕಿಸಿಕೊಂಡದ್ದು ಎಂದು ಅವನು ಹೇಳುತ್ತಿದ್ದ. ಅವನ ವಕೀಲರು ಪೀಣ್ಯದಲ್ಲೇ ಒಂದು ಕೋಣೆಯ ಆಫೀಸು ಇಟ್ಟುಕೊಂಡಿದ್ದ ಹೆಣ್ಣುಮಗಳು. ಕಾಗದ ತಂದಿಳಿಸಿದ ದಿನ ಅವನೂ ಜೊತೆಗೆ ಬಂದಿದ್ದ. ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಿಂತಿದ್ದ. ಗುಮಾಸ್ತರು ಅವನಿಗೆ ಕುರ್ಚಿ ಎಳೆದು ಕೊಟ್ಟು, ಪರಿಹಾರ ಎಷ್ಟು ಕೇಳಿದ್ದೀಯಪ್ಪ ಎಂದು ವಿಚಾರಿಸಿದರು.

"ಅದೆಲ್ಲಾ ಮೇಡಂ ಬರ್ದವ್ರೆ ಸಾರ್. ನಂಗೇನು ಅಂದ್ರೆ, ನಾನು ಅವತ್ತು ಅಲ್ಲಿದ್ದೆ ಸಾರ್. ಹನ್ನೊಂದು ವರ್ಷ ಇದ್ದೆ. ಇರ್ಲೇ ಇಲ್ಲ ಅಂದ್ಬಿಟ್ರೆ ಹೆಂಗೆ? ಇದ್ದ ಅಂತ ಎಲ್ಲಾದ್ರೂ ಒಂದು ಕಡೆ ಬರೀಲಿ."

ಗುಮಾಸ್ತರು ಟೀ ತರಿಸಿ, ಲೋಟವನ್ನು ಅವನ ಎಡಗೈಗೆ ಕೊಟ್ಟರು.

ಕೋರ್ಟಿನ ಆದೇಶದ ಮೇಲೆ ಕಾರ್ಖಾನೆಯವರು ತಮ್ಮ ಹಳೇ ಕಾಗದವನ್ನೆಲ್ಲ ಮೂರು ಮೂಟೆ ಕಟ್ಟಿ ಕೊಟ್ಟಿದ್ದರು. ಹತ್ತು ದಿನಗಳಲ್ಲಿ ಮೂಟೆಗಳನ್ನು ವಾಪಸ್ ಕೊಡಬೇಕಿತ್ತು. ಸ್ಕ್ಯಾನ್ ಮಾಡುವ ಹೊಣೆ ನನ್ನದು. ಖಾಲಿ ಪುಟಗಳನ್ನು ತಾನೇ ಗುರುತಿಸಿ ಬಿಟ್ಟುಬಿಡುವ ವ್ಯವಸ್ಥೆಯೊಂದು ಯಂತ್ರದಲ್ಲಿದೆ. ಕೆಲಸ ಅರ್ಧಕ್ಕರ್ಧ ಉಳಿಯುತ್ತದೆಂದು ನಾನು ಅದನ್ನು ಹಾಕಿಟ್ಟಿದ್ದೆ. ಆರು ದಿನಕ್ಕೆ ಕೆಲಸ ಮುಗಿಯಿತು. ರಾಜೀನಾಮೆಯ ದಿನದ ನಂತರ ಅವನ ಹೆಸರಿರುವ ಒಂದು ಕಾಗದವೂ ಇಲ್ಲವೆಂದು ಸಾಫ್ಟ್‌ವೇರ್ ಹೇಳಿತು. ನಾನು ಅದನ್ನೇ ವಕೀಲರಿಗೆ ಹೇಳಿದೆ.

"ಮೂಟೆ ಇನ್ನೂ ಇಲ್ಲೇ ಅವಲ್ಲ?" ಎಂದರು ಗುಮಾಸ್ತರು. ಮರುದಿನ ಮನೆಯಿಂದ ಒಂದು ಹಳೇ ಬೆಡ್‌ಶೀಟು ತಂದು, ಮೀಟಿಂಗ್ ರೂಮಿನ ನೆಲದ ಮೇಲೆ ಹಾಸಿ, ಮೂಟೆ ಸುರಿದುಕೊಂಡು ಕೂತರು. ಗಾಜಿನ ಗೋಡೆಯಾಚೆಯಿಂದ ಎಲ್ಲರೂ ನೋಡಿಕೊಂಡು ಹೋದರು. ಒಂದೊಂದೇ ಕಾಗದ ಎತ್ತುವುದು, ತಿರುವುವುದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುವುದು, ಇಡುವುದು. ಮೂರನೆಯ ದಿನ ಮಧ್ಯಾಹ್ನ ಗಾಜಿನ ಮೇಲೆ ಬೆರಳು ಬಡಿದು ನನ್ನನ್ನು ಕರೆದರು. ಅವರ ಕೈಯಲ್ಲಿ ಮಾಲು ಸಾಗಿಸುವಾಗ ಬರೆಯುವ ಒಂದು ಚಲನ್ ಇತ್ತು, ತಪ್ಪಾಗಿ ಬರೆದು ಅಡ್ಡಗೀಟು ಎಳೆದದ್ದು. ಮುಂಬದಿಯಲ್ಲಿದ್ದುದು ಅಪಘಾತದ ಹಿಂದಿನ ದಿನದ ತಾರೀಕು. ಹಿಂಬದಿ ಖಾಲಿ.

"ಖಾಲಿ ಅಲ್ಲ. ಇಂಗೆ ಇಡ್ಕಂಡು ನೋಡು."

ಓರೆ ಮಾಡಿ ಹಿಡಿದಾಗ ಕಂಡಿತು. ಪೆನ್ಸಿಲ್ಲಿನಲ್ಲಿ ತೀರಾ ತೆಳುವಾಗಿ ಎಳೆದ ಗೀಟುಗಳು. ನಾಲ್ಕು ನೆಟ್ಟಗೆ, ಒಂದು ಅಡ್ಡ. ಮತ್ತೆ ನಾಲ್ಕು, ಒಂದು ಅಡ್ಡ. ಪ್ರೆಸ್ಸಿನ ಮುಂದೆ ನಿಂತವರು ಎಷ್ಟು ಬಿಲ್ಲೆ ಹೊಡೆದೆವೆಂದು ಲೆಕ್ಕ ತಪ್ಪದಿರಲು ಕೆಟ್ಟುಹೋದ ಚಲನ್ನುಗಳ ಹಿಂದೆ ಹಾಗೆ ಗೀಟು ಹಾಕಿಕೊಳ್ಳುತ್ತಾರಂತೆ. ಮೇಲ್ಗಡೆ ಅವನ ಹೆಸರು, ಎರಡನೇ ಪಾಳಿ, ಕೆಳಗೆ ಸೂಪರ್‌ವೈಸರನ ಚಿಕ್ಕ ಸಹಿ, ಎಲ್ಲ ಅದೇ ಪೆನ್ಸಿಲ್ಲಿನಲ್ಲಿ. ಎಣ್ಣೆಗೈಯ ಕಲೆಗಳ ನಡುವೆ ಅವನು ಅಲ್ಲಿದ್ದ. ನಾನು ಅವನನ್ನು ಖಾಲಿ ಪುಟವೆಂದು ಬಿಟ್ಟಿದ್ದೆ. ಮೂಟೆ ವಾಪಸ್ ಹೋಗಲು ಇನ್ನೊಂದು ದಿನ ಉಳಿದಿತ್ತು.

ಮ್ಯಾನೇಜರ್ ಬಂದು ಹೇಗೆ ತಪ್ಪಿತು ಎಂದು ಕೇಳಿದಾಗ, "ಪೆನ್ಸಿಲ್ ಬೋ ತೆಳ್ಳಗದೆ ಸಾರ್, ಮಿಸಿನ್ಗೆ ಕಾಣ್ಲಿಲ್ಲ" ಎಂದರು ಗುಮಾಸ್ತರು. ಮಿಷನ್ನಿಗೆ ಕಣ್ಣು ಕಟ್ಟಿದವಳು ನಾನೆಂದು ಅವರಿಗೆ ಗೊತ್ತಿತ್ತು. ಅವರು ಹೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಇದಾದ ನಾಲ್ಕು ತಿಂಗಳಿಗೆ ಅವರ ಒಪ್ಪಂದ ಮುಗಿಯಿತು. ಕಾಗದವನ್ನು ತಾನೇ ಓದಿ ತಾನೇ ವಿಂಗಡಿಸುವ ಹೊಸ ಸಾಫ್ಟ್‌ವೇರ್ ಬಂದಿತ್ತು, ಸಲಹೆಗಾರರು ಬೇಡವೆಂದಾಯಿತು. ಕೊನೆಯ ದಿನ ಅವರು ಎಂದಿನಂತೆ ಪ್ರತಿ ಮೇಜಿನ ಮುಂದೆಯೂ ನಿಂತು ನಮಸ್ಕಾರ ಹೇಳಿದರು. ಲಿಫ್ಟಿನವರೆಗೆ ಹೋಗಿ ಬಿಟ್ಟುಬಂದೆ. "ಆಗಾಗ ಫೋನ್ ಮಾಡ್ತೀನಿ" ಎಂದೆ. "ಕೆಲ್ಸ ಇರ್ತದೆ ಕಣಮ್ಮ ನಿಂಗೆ. ಆದಾಗ ಮಾಡು" ಎಂದರು. ಮೊದಲ ತಿಂಗಳು ಎರಡು ಸಲ ಮಾಡಿದೆ. ಆಮೇಲೆ ಒಂದು ಸಲ. ಆಮೇಲೆ ಇಲ್ಲ. ಎಂಟೂ ನಲವತ್ತಕ್ಕೆ ಬರುವುದನ್ನೂ ಬಿಟ್ಟೆ.

ವರ್ಷಕ್ಕೊಮ್ಮೆ ನಮ್ಮಲ್ಲಿ ಖಾತೆಗಳ ತಪಾಸಣೆ ನಡೆಯುತ್ತದೆ. ಕೆಲಸ ಬಿಟ್ಟವರ ಲಾಗಿನ್ ಉಳಿದಿದ್ದರೆ ಮುಚ್ಚಬೇಕು. ಆ ಸಲ ಅದು ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಗುಮಾಸ್ತರ ಹೆಸರಿತ್ತು. ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಎದುರಿಗೆ ಅವರು ಒಳಗೆ ಬಂದ ಹೊತ್ತುಗಳ ಸಾಲು. ಕೆಲಸ ಬಿಟ್ಟ ಮರುದಿನದಿಂದ ಹಿಡಿದು ಆ ದಿನ ಬೆಳಿಗ್ಗೆಯವರೆಗೆ, ರಜಾದಿನಗಳನ್ನು ಬಿಟ್ಟು ಪ್ರತಿದಿನ, ಎಂಟೂ ನಲವತ್ತು. ಹತ್ತು ಹದಿನೈದು ನಿಮಿಷ ಇದ್ದು ಹೊರಗೆ. ಪ್ರತಿದಿನವೂ ತೆರೆದಿದ್ದುದು ಪೀಣ್ಯದ ಕಡತ.

ನನಗೆ ಮೊದಲು ಬಂದದ್ದು ಭಯ. ಪ್ರಕರಣ ಇನ್ನೂ ನಡೆಯುತ್ತಿತ್ತು. ಹೊರಗಿನವರೊಬ್ಬರು ದಿನವೂ ಸಾಕ್ಷ್ಯದ ಕಡತದೊಳಗೆ ಓಡಾಡುತ್ತಿದ್ದಾರೆಂದು ಎದುರು ಪಕ್ಷಕ್ಕೆ ತಿಳಿದರೆ, ಆ ಪೆನ್ಸಿಲ್ ಗೀಟುಗಳನ್ನೂ ಅವರೇ ಎಳೆದರೆಂದು ಹೇಳಲು ಹಿಂಜರಿಯುತ್ತಿರಲಿಲ್ಲ. ಅದು ನಿಜವಾದ ಕಾರಣವೇ. ಆದರೆ ಮುಚ್ಚುವ ಮೊದಲು ಒಂದು ಫೋನ್ ಮಾಡಬಹುದಿತ್ತು. ಏನೆಂದು ಹೇಳಲಿ ಎಂದು ತೋಚಲಿಲ್ಲ. ಭಾನುವಾರ ನಿಧಾನವಾಗಿ ಮಾತಾಡಿದರಾಯಿತು ಎಂದುಕೊಂಡು ಗುಂಡಿ ಒತ್ತಿದೆ. ಆ ಭಾನುವಾರ ಬಟ್ಟೆ ಒಗೆಯುವುದಿತ್ತು, ಮುಂದಿನ ಭಾನುವಾರ ತಲೆನೋವು.

ಐದು ವಾರ ಕಳೆದ ಮೇಲೆ ಪೀಣ್ಯದ ವಕೀಲರು ಫೋನ್ ಮಾಡಿದರು. ಚಲನ್ನನ್ನು ಒಪ್ಪಿಕೊಂಡು, ಅಪಘಾತದ ದಿನ ಅವನು ಆ ಕಾರ್ಖಾನೆಯ ಕೆಲಸಗಾರನೇ ಆಗಿದ್ದನೆಂದು ತೀರ್ಪು ಬಂದಿತ್ತು. ಅವನು ಆ ಒಂದು ಸಾಲನ್ನು ಮೂರು ಸಲ ಓದಿಸಿ ಕೇಳಿದನಂತೆ. ನಾನು ಇನ್ನೇನನ್ನೂ ಯೋಚಿಸದೆ ಗುಮಾಸ್ತರಿಗೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಹೆಂಗಸು, ಅವರ ಮನೆಯ ಓನರ್. ಚಿಕ್ಕಬಾಣಾವರದ ಹಳೇ ಊರಿನವರು, ಹೊಲ ಇದ್ದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡವರು.

"ನಮ್ಮನೇಲಿದ್ದ ಯಜಮಾನ್ರು ಓಗ್ಬುಟ್ರು ಕಣಮ್ಮ. ಅನ್ನೊಂದು ದಿನಾ ಆಯ್ತು. ಎದೆನೋವು ಅಂದ್ರು, ಆಸ್ಪತ್ರೆ ಸೇರೋದ್ರೊಳ್ಗೆ ಆಗೋಯ್ತು. ಯಾರಾದ್ರೂ ಫೋನ್ ಮಾಡ್ತಾರೇನೋ ಅಂತ ದಿನಾ ಚಾರ್ಜಿಗಾಕಿ ಮಡಗಿವ್ನಿ. ನೀವೇ ಮೊದ್ಲು."

ಆಕೆ ಮುಂದುವರಿಸಿದರು.

"ದಿನಾ ಬೆಳಿಗ್ಗೆ ಇಸ್ತ್ರಿ ಸರಟು ಆಕ್ಕೊಂಡು ಟೇಸನ್ ತಾವ ಕಂಪ್ಯೂಟರ್ ಅಂಗ್ಡಿಗೆ ಓಗೋರು. ಎಲ್ಗೆ ಯಜಮಾನ್ರೇ ಅಂದ್ರೆ, ಆಜರಿ ಆಕ್ಬುಟ್ ಬತ್ತೀನಿ ಅನ್ನೋರು. ಒಂದಿನ ಓದಂಗೇ ವಾಪಸ್ ಬಂದ್ಬುಟ್ರು. ಯಾಕೆ ಅಂದೆ. ಬಾಗ್ಲಾಕವ್ರೆ ಕಣಮ್ಮ ಅಂದ್ರು. ಆಮೇಕೆ ಓಗ್ಲಿಲ್ಲ. ಸರಟು ಮಾತ್ರ ದಿನಾ ಆಕ್ಕೊಂಡು ಜಗ್ಲಿ ಮ್ಯಾಲೆ ಕೂತಿರೋರು."

ಖಾತೆ ಮುಚ್ಚಿದ್ದಕ್ಕೆ ಯಾರೂ ಸಾಯುವುದಿಲ್ಲ. ಅಷ್ಟು ನನಗೂ ಗೊತ್ತು. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಅದು ಒಳಗೆ ಇಳಿಯುತ್ತಿಲ್ಲ.

ಮರುದಿನ ಬೇಗ ಹೋಗಿ ಪೀಣ್ಯದ ಕಡತ ತೆರೆದೆ. ಅವರು ಬಂದು ಹೋದ ಹೊತ್ತುಗಳನ್ನು ನಾನು ಆ ದಿನ ನೋಡಿದ್ದೆ, ಬಂದು ಏನು ಮಾಡಿದರೆಂದು ನೋಡಿರಲಿಲ್ಲ. ಚಲನ್ನಿನ ಹಿಂಬದಿಯ ಪುಟ ತೆಗೆದೆ. ವಕೀಲರು ಅಚ್ಚು ಹಾಕಿಸಿಕೊಂಡು ಹೋದ ಮೇಲೆ ಗುಮಾಸ್ತರನ್ನು ಬಿಟ್ಟರೆ ಯಾರೂ ಅದನ್ನು ತೆರೆದಿರಲಿಲ್ಲ. ಪಕ್ಕದ ಚೌಕದಲ್ಲಿ ನೂರಾ ಐವತ್ತೆರಡು ಟಿಪ್ಪಣಿಗಳಿದ್ದವು. 'ಮೇಡಂ ಅವರಿಗೆ ವಂದನೆಗಳು. ಹಾಜರಿದ್ದೇನೆ. ಇಲ್ಲಿ ಮೋಡ ಕವಿದಿದೆ.' 'ಮೇಡಂ ಅವರಿಗೆ ವಂದನೆಗಳು. ಹಾಜರಿದ್ದೇನೆ. ನಿನ್ನೆ ಅವರೆಕಾಳು ಬಿಡಿಸಿದೆ. ತಾವು ಊಟ ಸರಿಯಾಗಿ ಮಾಡುವುದು.' 'ಮೇಡಂ ಅವರಿಗೆ ವಂದನೆಗಳು. ಹಾಜರಿದ್ದೇನೆ. ಇಂದು ವಿಶೇಷವಿಲ್ಲ.' ನಾನು ಗುಂಡಿ ಒತ್ತಿದ ದಿನ ಬೆಳಿಗ್ಗೆ ಬರೆದದ್ದು ಕೊನೆಯದು. 'ಮೇಡಂ ಅವರಿಗೆ ವಂದನೆಗಳು. ಹಾಜರಿದ್ದೇನೆ. ಪೀಣ್ಯದವರ ತೀರ್ಪು ಆಯಿತೇ, ತಿಳಿಸುವುದು. ಅವಸರವಿಲ್ಲ.'

ಆಫೀಸಿನಲ್ಲಿ ಇನ್ನೂ ಯಾರೂ ಇರಲಿಲ್ಲ. ನಾನು ಅದರ ಕೆಳಗೆ ಅವರ ಖಾತೆಗೆ ಉತ್ತರ ಬರೆದೆ. 'ಗುಮಾಸ್ತರಿಗೆ ವಂದನೆಗಳು. ತೀರ್ಪು ಆಯಿತು. ಅವನು ಅಲ್ಲಿದ್ದನೆಂದು ಬರೆದಿದ್ದಾರೆ. ಖಾಲಿ ಪುಟ ಬಿಡುವಂತೆ ಮಾಡಿದ್ದು ನಾನು.' ಕಳುಹಿಸು ಎಂದು ಒತ್ತಿದೆ. ಒಂದು ಗಳಿಗೆ ಚಕ್ರ ತಿರುಗಿ, ಪರದೆಯ ಮೇಲೆ ಎರಡು ಸಾಲು ಬಂದವು. ಈ ಖಾತೆಯನ್ನು ಮುಚ್ಚಲಾಗಿದೆ ಎಂದು ಒಂದು. ಅದರ ಕೆಳಗೆ, ಮುಚ್ಚಿದವರು ಎಂದು ನನ್ನ ಹೆಸರು.